ಅರೆಕೆರೆಯವನು ಹೇಳಿದ ಮದ್ದು

ಇದನ್ನು ಬರೆಯುವುದು ಅಧಿಕಪ್ರಸಂಗ ಎಂದು ಯಾರಾದರೂ ಅಂದರೆ ನಾನು ಒಪ್ಪಿಕೊಳ್ಳುತ್ತೇನೆ. ವೈದ್ಯರು ಹೇಳಬೇಕಾದ ವಿಷಯವನ್ನು ಒಬ್ಬ ನರ್ಸು ಹೇಳಹೊರಟಿದ್ದಾಳೆ. ಅದೂ ಬಹಳ ಓದಿದವಳೇನಲ್ಲ. ಹಗಲು ಆಯಾ ಕೆಲಸ ಮಾಡಿ, ಬಸವನಗುಡಿಯ ಸಂಜೆ ತರಗತಿಯಲ್ಲಿ ತೂಕಡಿಸುತ್ತ ಕುಳಿತು ಎಸ್.ಎಸ್.ಎಲ್.ಸಿ. ಮುಗಿಸಿ, ಆಮೇಲೆ ನರ್ಸಿಂಗ್ ತರಬೇತಿಗೆ ಸೇರಿದವಳು ನಾನು. ತಪ್ಪು ಬರೆದಿದ್ದರೆ ತಿಳಿದವರು ತಿದ್ದಬೇಕು. ಇದನ್ನು ನಾಲ್ಕು ಸಲ ಬರೆದು ಹರಿದುಹಾಕಿದ್ದೇನೆ. ಪ್ರತಿ ಸಲವೂ ನನಗೇ ಗೊತ್ತಾಗದಂತೆ ನನ್ನ ತಪ್ಪಿನ ಪಾಲು ಸ್ವಲ್ಪ ಸ್ವಲ್ಪ ಕಡಿಮೆಯಾಗಿಬಿಡುತ್ತಿತ್ತು. ಈ ಸಲ ಹಾಗಾಗದಂತೆ ನೋಡಿಕೊಂಡಿದ್ದೇನೆ ಎಂದುಕೊಂಡಿದ್ದೇನೆ.

ಅದು ೧೯೬೬ನೆಯ ಇಸವಿ, ಕಾರ್ತಿಕ ಮಾಸ. ನಾನಿದ್ದದ್ದು ಜಯನಗರದ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ. ಹನ್ನೆರಡು ಹಾಸಿಗೆ, ಒಬ್ಬರೇ ಡಾಕ್ಟರು, ಇಬ್ಬರು ನರ್ಸುಗಳು. ಸುತ್ತಲೂ ಮನೆಗಳು ಏಳುತ್ತಿದ್ದವು. ಆಸ್ಪತ್ರೆಯ ಎದುರಿನ ಖಾಲಿ ಸೈಟಿನಲ್ಲಿ ಕಲ್ಲು ಚಪ್ಪಡಿಗಳನ್ನು ಪೇರಿಸಿದ್ದರು. ಇನ್ನೊಬ್ಬ ನರ್ಸು ವಾರಿಜಾ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದಳು. ಹಾಗಾಗಿ ಹಿಂದಿನ ದಿನ ಸಂಜೆಯಿಂದ ನಾನೊಬ್ಬಳೇ ಇದ್ದೆ. ಕಾಲು ಊದಿ ಬೂಟಿನ ಲೇಸು ಬಿಚ್ಚಿಕೊಂಡು ಓಡಾಡುತ್ತಿದ್ದೆ. ನೆಪಕ್ಕಾಗಿ ಇದನ್ನು ಹೇಳುತ್ತಿಲ್ಲ. ಬಿಟ್ಟುಬಿಟ್ಟರೆ ಅದೂ ಒಂದು ಸುಳ್ಳಾಗುತ್ತದೆ.

ಮಧ್ಯಾಹ್ನ ಹನ್ನೆರಡೂವರೆಗೆ ಡಾಕ್ಟರ್ ಸೇತುರಾಮ್ ಊಟಕ್ಕೆಂದು ಬಸವನಗುಡಿಯ ಮನೆಗೆ ಹೋದರು. ಅವರ ಸ್ಕೂಟರಿನ ಸದ್ದು ಮರೆಯಾಗುವ ಮೊದಲೇ, ಬನ್ನೇರುಘಟ್ಟ ರಸ್ತೆಯ ಕಡೆಯಿಂದ ಮನೆ ಕಟ್ಟುವ ಕಲ್ಲು ತರುವ ಲಾರಿಯೊಂದು ಬಂದು ಬಾಗಿಲಲ್ಲಿ ನಿಂತಿತು. ಕಲ್ಲಿನ ಮೇಲೆ ಗೋಣಿಚೀಲ ಹಾಸಿ ಒಬ್ಬನನ್ನು ಮಲಗಿಸಿದ್ದರು. ಇಪ್ಪತ್ತೆಂಟು ಮೂವತ್ತರ ಗಟ್ಟಿ ಆಳು. ವಾರ್ಡಿನ ರಾಮಯ್ಯನೂ ಲಾರಿಯ ಡ್ರೈವರೂ ಸೇರಿ ಅವನನ್ನು ಇಳಿಸಿದರು. ರಾಮಯ್ಯ ಹಿಂದೆ ಮಿಲಿಟರಿಯಲ್ಲಿ ಸ್ಟ್ರೆಚರ್ ಹೊತ್ತವನು. ಐವತ್ತು ದಾಟಿದ್ದರೂ ಎತ್ತುವುದರಲ್ಲಿ ಗಟ್ಟಿ.

ಹಿಂದೆಯೇ ಇಬ್ಬರು ಹೆಂಗಸರು ಇಳಿದರು. ಇಳಿಯುವಾಗಲೇ ಜಗಳ.

"ಇವ್ಳೇ ಕಣಕ್ಕ, ಇವ್ಳೇ ಇಕ್ಕಿದ್ದು!" ಎಂದು ಚಿಕ್ಕವಳು ಎದೆ ಬಡಿದುಕೊಂಡಳು. ರೋಗಿಯ ಹೆಂಡತಿ, ಮುನಿಲಕ್ಷ್ಮಮ್ಮ. "ನಾನು ಹೊತ್ತಾರೆ ಮಾರ್ಕೆಟ್ಟಿಗೆ ಕೋಸು ಹೊತ್ಕೊಂಡ್ ಹೋಗಿದ್ದೆ. ಬರೋ ಅಷ್ಟರಾಗೆ ನನ್ ಗಂಡನ್ನ ಕರ್ದು ಮುದ್ದೆ ಇಕ್ಕವ್ಳೆ. ಉಂಡು ಒಂದು ಗಂಟೆ ಆಗಿಲ್ಲ, ಬಾಯಾಗೆ ನೊರೆ!"

ದೊಡ್ಡವಳು ಮಂಗಮ್ಮ, ರೋಗಿಯ ಅಣ್ಣನ ಹೆಂಡತಿ. ಅವಳು ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು, "ನನ್ ಮೈದುನ ಅವ್ನು. ಹಸ್ಕೊಂಡ್ ಬಂದ್ರೆ ಕಲ್ಲಿಕ್ಲಾ?" ಎಂದಳು.

"ಕಲ್ಲಿಕ್ಕಿದ್ರೂ ಬದುಕ್ತಿದ್ದ. ನೀನು ಮದ್ದಿಕ್ಕಿದ್ದೀಯ!"

ಆ ಮಾತು ಕೇಳಿ ನನಗೆ ಮೈಯೆಲ್ಲ ಸುಸ್ತಾಯಿತು. ಮುನಿಸಿದ್ದವರು ಅನ್ನದಲ್ಲಿ ಏನೋ ಬೆರೆಸಿ ತಿನ್ನಿಸುತ್ತಾರೆ, ಅದು ಹೊಟ್ಟೆಯಲ್ಲಿ ಕುಳಿತು ಮನುಷ್ಯನನ್ನು ಕರಗಿಸುತ್ತದೆ ಎಂಬ ಈ ನಂಬಿಕೆ ನಮ್ಮ ಕೊಟ್ಟೂರಿನ ಕಡೆಯೂ ಇದೆ. ಮದ್ದು ಹಾಕಿದ್ದಾರೆ ಎನ್ನುವುದು, ಮದ್ದು ತೆಗೆಸುತ್ತೇವೆಂದು ಯಾವುದೋ ಸೊಪ್ಪಿನ ರಸ ಕುಡಿಸುವುದು, ವಾಂತಿ ಮಾಡಿಸಿ ಸಾಯುವ ಹಾಗಾದ ಮೇಲೆ ಆಸ್ಪತ್ರೆಗೆ ತರುವುದು. ಆ ವರ್ಷ ನಾನು ಅಂಥವರನ್ನು ಮೂವರನ್ನು ನೋಡಿದ್ದೆ. ಮೂವರಿಗೂ ಬೇರೆ ಏನೋ ಕಾಯಿಲೆಯಿತ್ತು.

"ಯಾರ ಹತ್ರನಾದ್ರೂ ತೆಗೆಸಿದ್ರಾ?" ಎಂದು ಕೇಳಿದೆ.

"ಊರಾಚೆ ಒಬ್ಬ ಅಜ್ಜಿ ಅವ್ಳೆ. ಬೆಳ್ಳುಳ್ಳಿ ಅರ್ದು, ಸೊಪ್ಪಿನ ರಸ ಸೇರ್ಸಿ ಕುಡಿಸ್ದ್ಲು. ಅಲ್ಲಿಂದ ವಾಂತಿ ನಿಂತೇ ಇಲ್ಲ."

ಅಲ್ಲಿಗೆ ನನ್ನ ಮನಸ್ಸಿನಲ್ಲಿ ತೀರ್ಮಾನವಾಗಿಹೋಯಿತು. ವಾಂತಿಗೆ ಕಾರಣ ಅಜ್ಜಿಯ ರಸ. ಅವನ ಬಾಯಿಂದಲೂ ಬಟ್ಟೆಯಿಂದಲೂ ಬರುತ್ತಿದ್ದ ಬೆಳ್ಳುಳ್ಳಿ ವಾಸನೆಗೂ ಅದೇ ಕಾರಣ.

ಅಷ್ಟರಲ್ಲಿ ಒಳಗಿನ ರೋಗಿಗಳೆಲ್ಲ ಎದ್ದು ಕೂತು ಜಗಳ ಕೇಳುತ್ತಿದ್ದರು. ರಾಮಯ್ಯ ಹೆಂಗಸರ ನಡುವೆ ನಿಂತು, "ಸ್ವಲ್ಪ ಬಾಯಿ ಮುಚ್ರಿ ತಾಯಿ. ಹನ್ನೊಂದು ಜನ ಕಾಯಿಲೆಯವ್ರವ್ರೆ ಇಲ್ಲಿ. ನಿಮ್ ಸದ್ದಿಗೆ ಎದ್ದು ಓಡೋದ್ರೆ ನಂಗೇನೋ ರಜ ಸಿಗ್ತದೆ, ಸಿಸ್ಟರಮ್ಮ ಉತ್ತರ ಹೇಳ್ಬೇಕಾಗ್ತದೆ" ಎಂದ.

ಮಂಗಮ್ಮ ನನ್ನ ಕಡೆಗೆ ತಿರುಗಿದಳು. "ನರ್ಸಮ್ಮ, ನಾನೊಂದ್ ಮಾತು ಏಳ್ತೀನಿ—"

"ಆಮೇಲೆ ಹೇಳಿ. ಹೆಂಡತಿ ಒಬ್ರು ಸಾಕು ಇಲ್ಲಿ. ನೀವು ಆಚೆ ಇರಿ."

"ಒಂದೇ ಮಾತು—"

"ರಾಮಯ್ಯ, ಇವರನ್ನ ಆಚೆ ಕೂರಿಸಿ."

ಆಕೆ ಹೋದಳು. ಎದುರು ಸೈಟಿನ ಚಪ್ಪಡಿಗಳ ಮೇಲೆ ಕುಳಿತದ್ದು ಕಿಟಕಿಯಿಂದ ಕಾಣುತ್ತಿತ್ತು.

ನಾನು ರೋಗಿಯನ್ನು ನೋಡತೊಡಗಿದೆ. ಹೆಸರು ಚಿಕ್ಕಬೈರಪ್ಪ, ಊರು ಅರೆಕೆರೆ, ತರಕಾರಿ ಬೆಳೆಗಾರ ಎಂದು ಬರೆದುಕೊಂಡೆ. ಮೈ ತಣ್ಣಗಿತ್ತು. ಬೆವರು ಕೈಗೆ ಹತ್ತುವಷ್ಟಿತ್ತು. ಬಾಯಿಂದ ಜೊಲ್ಲು ಸುರಿಯುತ್ತಲೇ ಇತ್ತು. ಹೊಟ್ಟೆ ಹಿಡಿದುಕೊಂಡು ಮುದುಡಿದ್ದ. ರೆಪ್ಪೆಯೂ ಕೆನ್ನೆಯೂ ಸಣ್ಣಗೆ ಅದುರುತ್ತಿದ್ದವು. ನಡುಗುತ್ತಿದ್ದಾನೆ ಎಂದುಕೊಂಡೆ. ಅಂಗಿ ಒದ್ದೆಯಾಗಿತ್ತು. ಬೆವರು ಎಂದುಕೊಂಡೆ. ಛಳಿಗೆಂದು ಕುತ್ತಿಗೆಯವರೆಗೆ ಕಂಬಳಿ ಹೊದಿಸಿದೆ.

ನಾಡಿ ಎಣಿಸಿದೆ. ಐವತ್ತೆರಡು ಬಂತು. ಅಷ್ಟು ವಾಂತಿಯಾದವನಿಗೆ ನಾಡಿ ನೂರು ದಾಟಿರಬೇಕು. ಮತ್ತೆ ಎಣಿಸಿದೆ. ಐವತ್ತು. ನನ್ನ ಗಡಿಯಾರ ಆಗಾಗ ನಿಲ್ಲುತ್ತಿತ್ತು. ಅಲ್ಲದೆ ಹದಿನೆಂಟು ಗಂಟೆ ನಿದ್ದೆಯಿಲ್ಲದ ತಲೆ. ಎಣಿಕೆ ತಪ್ಪಿದೆ ಎಂದು ನಾನೇ ತೀರ್ಮಾನಿಸಿದೆ. ಸುಳ್ಳು ಬರೆಯುವುದು ಬೇಡವೆಂದು ಚಾರ್ಟಿನಲ್ಲಿ ನಾಡಿಯ ಜಾಗವನ್ನು ಖಾಲಿ ಬಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಸರಿಯಾಗಿ ಎಣಿಸಿ ತುಂಬಿದರಾಯಿತು ಎಂದುಕೊಂಡೆ.

ಬಗ್ಗಿ ಕೇಳಿದೆ. "ಏನಾಯ್ತಪ್ಪಾ? ಬೆಳಿಗ್ಗೆಯಿಂದ ಏನಾಯ್ತು ಹೇಳು."

ಅವನು ಕಣ್ಣು ತೆರೆಯಲಿಲ್ಲ. ಜೊಲ್ಲಿನ ನಡುವೆಯೇ, "ಮದ್ದು... ಮದ್ದು ಕಣಕ್ಕ" ಎಂದ.

"ನೋಡಿ, ಅವ್ರ ಬಾಯಲ್ಲೇ ಬಂತು!" ಎಂದು ಮುನಿಲಕ್ಷ್ಮಮ್ಮ ಕೂಗಿದಳು.

ಅವನು ಕೈಯೆತ್ತಿ ತನ್ನ ಬೆನ್ನಿನ ಕಡೆಗೆ ಏನೋ ತೋರಿಸಲು ನೋಡಿದ. "ಮದ್ದು ಅಕ್ಕ... ಕಣ್ಣು ಮಂಜು..."

ಅವನ ಕೈಯನ್ನು ಕಂಬಳಿಯೊಳಕ್ಕೆ ಸೇರಿಸಿದೆ. ಆಗ ಅಂದ ಮಾತು ನನಗೆ ಅಕ್ಷರ ಅಕ್ಷರವಾಗಿ ನೆನಪಿದೆ. "ಮದ್ದಿಲ್ಲ, ಏನಿಲ್ಲ. ಅವೆಲ್ಲ ತಲೆಯಿಂದ ತೆಗೆದುಹಾಕು. ಸುಮ್ನೆ ಮಲ್ಕೊಳಪ್ಪಾ."

ಅವನು ಸುಮ್ಮನಾದ. ನರ್ಸು ಹೇಳಿದಳೆಂದು ಸುಮ್ಮನಾದ.

ವಾಂತಿಯ ರೋಗಿಗಳಿಗೆ ಸಲೈನ್ ಹಾಕಿಡಬಹುದೆಂದು ಡಾಕ್ಟರ ಅಪ್ಪಣೆ ಮೊದಲೇ ಇತ್ತು. ಹಾಕಿದೆ. ಅವರಿಗೆ ಫೋನು ಮಾಡಲೇ ಎಂದು ಎರಡು ಸಲ ಫೋನಿನ ಹತ್ತಿರ ಹೋದೆ. ಹಿಂದಿನ ತಿಂಗಳು ಊಟದ ಹೊತ್ತಿನಲ್ಲಿ ಒಂದು ಸಾಮಾನ್ಯ ಹೊಟ್ಟೆನೋವಿಗೆ ಅವರನ್ನು ಕರೆಸಿ ಬೈಸಿಕೊಂಡಿದ್ದೆ. ಎರಡು ಸಲವೂ ಹಿಂತಿರುಗಿ ಬಂದೆ. ಬೇರೆ ರೋಗಿಗಳಿಗೆ ಮಧ್ಯಾಹ್ನದ ಮಾತ್ರೆ ಕೊಟ್ಟೆ. ಒಂಬತ್ತನೆಯ ಹಾಸಿಗೆಯ ಮುದುಕನ ಬೆನ್ನು ಒರೆಸಿದೆ. ನಡುನಡುವೆ ಬಂದು ನೋಡುತ್ತಿದ್ದೆ. ಚಿಕ್ಕಬೈರಪ್ಪನ ಎದೆಯಲ್ಲಿ ನೀರು ಕುದಿಯುವಂಥ ಸದ್ದು ಶುರುವಾಗಿತ್ತು.

ಒಂದು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಕಿಟಕಿಯ ಸರಳು ಹಿಡಿದುಕೊಂಡು ಮಂಗಮ್ಮ ಕರೆದಳು.

"ನರ್ಸಮ್ಮ, ಬೈದ್ರೂ ಬೈಯ್ರಿ. ನಾನು ಏಳೇ ಏಳ್ತೀನಿ. ನನ್ ಮುದ್ದೇಲಿ ಏನೂ ಇರ್ಲಿಲ್ಲ. ಅದೇ ಮುದ್ದೇನ ನನ್ ಮಕ್ಳೂ ಉಂಡವ್ರೆ. ಅವ್ನು ಹೊತ್ತಾರೆಯಿಂದ ಕೋಸಿಗೆ ಮದ್ದು ಹೊಡ್ದು ಬಂದಿದ್ದ."

ನಾನು ಅವಳ ಮುಖವನ್ನೇ ನೋಡಿದೆ. "ಏನು ಹೊಡೆದು?"

"ಮದ್ದಮ್ಮಾ! ಹುಳಕ್ಕೆ ಹೊಡೀತಾರಲ್ಲ, ತಗಡಿನ ಡಬ್ಬೀದು. ಬೆನ್ನಿಗೆ ಕಟ್ಕೊಳೋ ಪಂಪು ಸೋರ್ತಿತ್ತು. ಅಂಗಿಯೆಲ್ಲ ನೆನ್ದೋಗಿತ್ತು. ಕೈಯಾದ್ರೂ ತೊಳ್ಕೊಳಪ್ಪಾ ಅಂದೆ. ಹಸಿವಾಗ್ತದೆ ಅತ್ಗೆ ಅಂತ ಅಂಗೇ ಮುದ್ದೆಗೆ ಕೈ ಆಕ್ಬುಟ್ಟ."

ನಮ್ಮ ಕಡೆ ಹತ್ತಿಗೆ ಹೊಡೆಯುವುದನ್ನು ಎಣ್ಣೆ ಎನ್ನುತ್ತಾರೆ. ಈ ಊರಿನವರು ಮದ್ದು ಎನ್ನುತ್ತಾರೆಂಬುದು ಎಷ್ಟೋ ವರ್ಷ ಇಲ್ಲಿದ್ದರೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಇವರಲ್ಲಿ ಮದ್ದು ಹಾಕುವುದು ಬೇರೆ, ಮದ್ದು ಹೊಡೆಯುವುದು ಬೇರೆ. ಪಾಪ, ಅವನಿಗೆ ಆ ಕೊನೆಯ ಮಾತನ್ನು ಸೇರಿಸುವಷ್ಟು ಉಸಿರಿರಲಿಲ್ಲ. ಹೇಳುವಷ್ಟನ್ನು ಹೇಳಿದ್ದ. ನಾನು ಅವನ ಬಾಯಿ ಮುಚ್ಚಿಸಿದ್ದೆ.

ಓಡಿಹೋಗಿ ಅವನ ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟೆ. ಬರುತ್ತಲೇ ಮಾಡಬೇಕಾಗಿದ್ದ ಕೆಲಸ ಅದು. ಕಣ್ಣಿನ ಪಾಪೆ ಸೂಜಿಯಿಂದ ಚುಚ್ಚಿದ ತೂತಿನಷ್ಟು ಸಣ್ಣಗಿತ್ತು. ಹುಳದ ಮದ್ದಿನ ವಿಷ ಏರಿದ್ದರ ಗುರುತು ಅದು. ಫೋನು ಮಾಡಿದೆ.

ಡಾಕ್ಟರ್ ಸೇತುರಾಮ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾಡಿ ಎಷ್ಟು?" ಎಂದರು.

"ಐವತ್ತು, ಸಾರ್."

"ಯಾವಾಗಿಂದ?"

"ಬಂದಾಗಿನಿಂದ. ನಾನು ಎಣಿಸಿದ್ದು ತಪ್ಪು ಅಂದ್ಕೊಂಡೆ."

ಆಮೇಲೆ, "ಅಟ್ರೊಪಿನ್ ಎಷ್ಟಿದೆ ನಮ್ಮಲ್ಲಿ?" ಎಂದರು. ಆಪರೇಷನ್ನಿಗೆ ಮೊದಲು ಕೊಡುವ ಸಣ್ಣ ಇಂಜೆಕ್ಷನ್ ಅದು. ಬೀರುವಿನಲ್ಲಿ ಅದರ ಹದಿನಾಲ್ಕು ಗಾಜಿನ ಕೊಳವೆಗಳಿದ್ದವು.

"ಎರಡು ಈಗಲೇ ಕೊಡಿ, ರಕ್ತನಾಳಕ್ಕೆ. ಐದೈದು ನಿಮಿಷಕ್ಕೆ ಮತ್ತೆ ಎರಡೆರಡು. ಬಾಯಿ ಒಣಗೋವರೆಗೂ, ನಾಡಿ ಏರೋವರೆಗೂ ನಿಲ್ಲಿಸಬೇಡಿ. ಬಟ್ಟೆ ತೆಗೆದ್ರಾ?"

"ಇಲ್ಲ, ಸಾರ್."

"ತೆಗೀರಿ. ಸೋಪು ಹಾಕಿ ಮೈ ತೊಳೀರಿ, ತಲೆಗೂದಲು ಸಮೇತ. ಸಿಕ್ಕಷ್ಟು ಅಟ್ರೊಪಿನ್ ತಗೊಂಡು ಬರ್ತೀನಿ."

ಕಂಬಳಿ ತೆಗೆದಾಗ ಒಳಗಿನಿಂದ ಆ ಬೆಳ್ಳುಳ್ಳಿ ವಾಸನೆ ಬಿಸಿಯಾಗಿ ಎದ್ದು ಬಂತು. ಅದು ಅಜ್ಜಿಯ ರಸದ್ದಲ್ಲ, ಹುಳದ ಮದ್ದಿನದೇ ವಾಸನೆ. ವಿಷ ನೆನೆದ ಅಂಗಿಯ ಮೇಲೆ ನಾನೇ ಕಂಬಳಿ ಮುಚ್ಚಿ ಬೆಚ್ಚಗಿಟ್ಟಿದ್ದೆ. ಐವತ್ತು ನಿಮಿಷ. ರಾಮಯ್ಯ ಕತ್ತರಿಯಿಂದ ಅಂಗಿ ಸೀಳಿದ. ನಾನು ಇಂಜೆಕ್ಷನ್ ಕೊಟ್ಟೆ. ಮುನಿಲಕ್ಷ್ಮಮ್ಮ ಗೋಡೆಗೆ ಒರಗಿ ನಿಂತುಬಿಟ್ಟಿದ್ದಳು. ಕೇಳದೆಯೇ ಒಳಗೆ ಬಂದು ನೀರು ಹೊತ್ತವಳು ಮಂಗಮ್ಮ. ಹಿತ್ತಲಿನ ನಲ್ಲಿಯಿಂದ ಎಷ್ಟು ಬಕೆಟ್ಟು ತಂದಳೋ ಲೆಕ್ಕವಿಲ್ಲ. ಅವನ ಬೆನ್ನು ಉಜ್ಜುತ್ತ, "ಕೈ ತೊಳ್ಕೊ ಅಂದ್ರೆ ಕೇಳ್ಲಿಲ್ಲ, ಈಗ ಮೈಯೆಲ್ಲ ತೊಳುಸ್ಕೋ" ಎಂದು ಬೈಯುತ್ತ ಅಳುತ್ತಿದ್ದಳು.

ಡಾಕ್ಟರು ಬರುವ ಹೊತ್ತಿಗೆ ಹತ್ತು ಕೊಳವೆ ಮುಗಿದಿದ್ದವು. ಅವರ ಅಂಗಿ ಜೇಬಿನಲ್ಲಿ, ಪ್ಯಾಂಟಿನ ಜೇಬಿನಲ್ಲಿ, ಕೈಚೀಲದಲ್ಲಿ ಅಂಗಡಿ ಅಂಗಡಿ ಹತ್ತಿ ತಂದ ಅಟ್ರೊಪಿನ್ ಇತ್ತು. ಸಂಜೆ ಐದರವರೆಗೂ ಇಬ್ಬರೂ ಮಂಚದ ಎರಡು ಬದಿಯಲ್ಲಿ ನಿಂತಿದ್ದೆವು. ನಾಡಿ ಎಣಿಸುವುದು, ಪಾಪೆ ನೋಡುವುದು, ಎದೆಗೆ ಕಿವಿಯಿಡುವುದು, ಇಂಜೆಕ್ಷನ್ ಕೊಡುವುದು, ಮತ್ತೆ ನಾಡಿ. ನನ್ನ ಗಡಿಯಾರ ಸರಿಯಾಗಿಯೇ ನಡೆಯುತ್ತಿತ್ತು. ಡಾಕ್ಟರ ಗಡಿಯಾರದ ಜೊತೆ ಹೋಲಿಸಿ ನೋಡಿದೆ. ಒಂದು ನಿಮಿಷದ ವ್ಯತ್ಯಾಸವೂ ಇರಲಿಲ್ಲ.

ಐದೂಕಾಲಿಗೆ ನಾಡಿ ನೂರ ಹನ್ನೆರಡು. ಎದೆಯ ಸದ್ದು ನಿಂತಿತು. ಚಿಕ್ಕಬೈರಪ್ಪ ಒಣಗಿದ ನಾಲಗೆಯಿಂದ ತುಟಿ ಸವರಿಕೊಂಡು, "ಬಾಯಾರ್ತದೆ" ಎಂದ. ಡಾಕ್ಟರು ಕುರ್ಚಿಯಲ್ಲಿ ಕುಸಿದು ಕುಳಿತರು. "ನೀರು ಈಗ್ಲೇ ಬೇಡ, ತುಟಿ ಒದ್ದೆ ಮಾಡಿ" ಎಂದು ಹೇಳಿ ನನ್ನನ್ನು ನೋಡಿದರು. "ನೀವು ಹೋಗಿ ಮಲಗಿ, ಜಯಶೀಲಾ. ನಾನಿರ್ತೀನಿ."

ನಾನು ಚಾರ್ಟು ತೆಗೆದು ನಾಡಿಯ ಖಾಲಿ ಜಾಗದಲ್ಲಿ 'ಐವತ್ತೆರಡು. ಮತ್ತೆ ಎಣಿಸಿದಾಗ ಐವತ್ತು. ನಂಬಲಿಲ್ಲ' ಎಂದು ಬರೆದೆ. ಕೆಳಗೆ, ರೋಗಿಯೇ ಮದ್ದು ಎಂದು ಹೇಳಿದ್ದನ್ನೂ ನಾನು ಅದನ್ನು ಕೇಳಿಸಿಕೊಳ್ಳದಿದ್ದುದನ್ನೂ ಬರೆದೆ. ಡಾಕ್ಟರು ಓದಿದರು. "ಹೀಗೆಲ್ಲ ಚಾರ್ಟಿನಲ್ಲಿ ಬರೆಯೋದಿಲ್ಲ" ಎಂದರು. ಆದರೆ ಹೊಡೆದುಹಾಕಲಿಲ್ಲ.

ಮರುದಿನ ಅವನು ಚೆನ್ನಾಗಿದ್ದ. ದಿಂಬಿಗೆ ಒರಗಿ ಕೂತು ಗಂಜಿ ಕುಡಿದ. ನಾಡಿ, ಪಾಪೆ, ಉಸಿರು ಎಲ್ಲವೂ ಸರಿ. ನಾನು ಹದಿನೈದು ನಿಮಿಷಕ್ಕೊಮ್ಮೆ ಹೋಗಿ ಎಣಿಸುವುದನ್ನು ನೋಡಿ ಅವನಿಗೆ ನಗು.

"ಅಕ್ಕೋ, ಮದ್ದಿಲ್ಲ ಏನಿಲ್ಲ ಅಂದ್ರಲ್ಲ. ನಾನೇನ್ ಸುಳ್ಳೇಳಿದ್ನಾ?"

"ತಪ್ಪಾಯ್ತಪ್ಪಾ. ನಮ್ಮೂರ ಕಡೆ ಅದನ್ನ ಎಣ್ಣೆ ಅಂತೀವಿ."

"ಎಣ್ಣೆನಾ! ಅಂಗಾದ್ರೆ ಒಗ್ಗರಣೆಗೆ ಏನ್ ಆಕ್ತೀರಿ?"

ಪಕ್ಕದ ಹಾಸಿಗೆಯವರೂ ನಕ್ಕರು. ಮುನಿಲಕ್ಷ್ಮಮ್ಮ ಮಂಗಮ್ಮನಿಗೆ ಬೆನ್ನು ತಿರುಗಿಸಿಕೊಂಡೇ ಕುಳಿತಿದ್ದಳು. ಆದರೆ ಕುಳಿತದ್ದು ಮಂಗಮ್ಮ ಹಾಸಿದ ಚಾಪೆಯ ಮೇಲೆ. ಮಧ್ಯಾಹ್ನ ಮಂಗಮ್ಮ ಮನೆಯಿಂದ ತಂದ ಬುತ್ತಿ ಬಿಚ್ಚಿ ಅವಳ ಮುಂದಿಟ್ಟಳು.

"ತಿಂತೀಯಾ, ಇಲ್ಲ ಮೊದ್ಲು ರಾಮಯ್ಯಂಗೆ ತಿನ್ಸಿ ನೋಡ್ತೀಯಾ?"

"ನಂಗ್ಯಾಕವ್ವ ಪರೀಕ್ಷೆ? ಬದುಕೋಕೆ ಇನ್ನೂ ಆಸೆ ಐತೆ" ಎಂದ ರಾಮಯ್ಯ.

ಮುನಿಲಕ್ಷ್ಮಮ್ಮ ಉಂಡಳು. ಉಂಡು, ಎಲೆಯನ್ನು ತಾನೇ ತೆಗೆದಳು.

ಮೂರನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಮುಖ ತೊಳೆಸಲು ಹೋದೆ. "ತಲೆ ಸ್ವಲ್ಪ ಎತ್ತಪ್ಪಾ, ಟವೆಲ್ ಹಾಸ್ತೀನಿ" ಎಂದೆ. ಅವನು ಎತ್ತಲು ನೋಡಿದ. ಕುತ್ತಿಗೆಯ ನರಗಳು ಬಿಗಿದವು, ತಲೆ ಏಳಲಿಲ್ಲ.

"ಭಾರ ಕಣಕ್ಕ. ಯಾರೋ ಹಿಡ್ಕೊಂಡಂಗೈತೆ."

ಪಾಪೆ ನೋಡಿದೆ. ಸರಿಯಾಗಿತ್ತು. ನಾಡಿ ಎಂಬತ್ತಾರು. ಬೆವರಿಲ್ಲ, ಜೊಲ್ಲಿಲ್ಲ. ನಿಶ್ಶಕ್ತಿ ಇರಬಹುದು ಎನ್ನಿಸಿತು. ಹಾಗೆನ್ನಿಸಿದ್ದಕ್ಕೇ ಹೆದರಿ ಕೂಡಲೇ ಡಾಕ್ಟರ ಮನೆಗೆ ಫೋನು ಮಾಡಿದೆ. ಹತ್ತೇ ನಿಮಿಷದಲ್ಲಿ ಬಂದರು. ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿದರು. ಕೈ ಹಿಸುಕು ಎಂದರೆ ಹಿಸುಕುತ್ತಿದ್ದ. ಕಾಲು ಅಲ್ಲಾಡಿಸುತ್ತಿದ್ದ. ತೋಳನ್ನು ಮಾತ್ರ ಭುಜಕ್ಕಿಂತ ಮೇಲೆ ಎತ್ತಲಾಗುತ್ತಿರಲಿಲ್ಲ.

"ವಿಷ ಇಳಿದಿದೆ. ಲಕ್ಷಣ ಒಂದೂ ಇಲ್ಲ. ಇದು ಯಾಕೆ ಹೀಗೆ?" ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ಪುಸ್ತಕ ತೆಗೆದು ನೋಡಿದರು. ಎರಡು ಅಟ್ರೊಪಿನ್ ಕೊಟ್ಟರು. ಬಾಯಿ ಒಣಗಿತೇ ಹೊರತು ತಲೆ ಏಳಲಿಲ್ಲ.

ಹತ್ತು ಗಂಟೆಗೆ ಉಸಿರು ನಿಮಿಷಕ್ಕೆ ಮೂವತ್ತೆರಡು. ಹತ್ತೂಕಾಲಿಗೆ ನಲವತ್ತು, ಎದೆ ಏಳುವುದು ಕಾಣದಷ್ಟು ಸಣ್ಣಗೆ. ಆಕ್ಸಿಜನ್ ಹಚ್ಚಿದೆವು. ಅವನಿಗೆ ಎಚ್ಚರವಿತ್ತು. ನನ್ನನ್ನೇ ನೋಡುತ್ತಿದ್ದ. ಮಾತು ಹೊರಡುತ್ತಿರಲಿಲ್ಲ. ಹತ್ತೂ ನಲವತ್ತಕ್ಕೆ ಉಸಿರು ನಿಂತಿತು. ನಾಡಿ ಮಾತ್ರ ಹೊಡೆಯುತ್ತಿತ್ತು.

ಯಂತ್ರವಿರಲಿಲ್ಲ. ಇದ್ದದ್ದು ನಮ್ಮ ಕೈಗಳು. ರೋಗಿಯ ತಲೆಯ ಹತ್ತಿರ ಮಂಡಿಯೂರಿ, ಅವನ ಎರಡು ತೋಳುಗಳನ್ನು ಹಿಡಿದು ತಲೆಯ ಮೇಲಕ್ಕೆ ಎಳೆಯಬೇಕು. ಆಗ ಎದೆ ಹಿಗ್ಗಿ ಗಾಳಿ ಒಳಗೆ ಹೋಗುತ್ತದೆ. ಆಮೇಲೆ ತೋಳುಗಳನ್ನು ಮಡಿಚಿ ಎದೆಯ ಮೇಲೆ ಒತ್ತಬೇಕು. ಗಾಳಿ ಹೊರಗೆ ಬರುತ್ತದೆ. ನಿಮಿಷಕ್ಕೆ ಹನ್ನೆರಡು ಸಲ. ನಾವು ಚಿಕ್ಕಬೈರಪ್ಪನನ್ನು ನೆಲಕ್ಕೆ ಇಳಿಸಿ ಶುರುಮಾಡಿದೆವು. ಹತ್ತು ನಿಮಿಷ ನಾನು, ಹತ್ತು ನಿಮಿಷ ರಾಮಯ್ಯ, ಹತ್ತು ನಿಮಿಷ ಡಾಕ್ಟರು. ಪೇಟೆಯ ದೊಡ್ಡಾಸ್ಪತ್ರೆಗೆ ಸಾಗಿಸುವ ಮಾತು ಬಂತು. ದಾರಿಯಲ್ಲಿ ವ್ಯಾನಿನೊಳಗೆ ಇದನ್ನು ಮಾಡುವುದು ಹೇಗೆಂದು ಯಾರಿಗೂ ಹೊಳೆಯಲಿಲ್ಲ.

"ಒಂದೂ... ಎರಡೂ..." ರಾಮಯ್ಯ ಡ್ರಿಲ್ಲಿನ ದನಿಯಲ್ಲಿ ಎಣಿಸುತ್ತಿದ್ದ. ಕ್ರಮೇಣ ಆ ದನಿ ಬಿದ್ದುಹೋಯಿತು. ನನ್ನ ತೋಳುಗಳು ನನ್ನವಲ್ಲ ಎನ್ನುವಂತಾಗಿದ್ದವು. ಅವನ ತೋಳು ನನ್ನ ಕೈಯಿಂದ ಎರಡು ಸಲ ಜಾರಿತು. ನಾಡಿ ಇರುವವರೆಗೆ ಬಿಡಬಾರದು ಎಂದು ಡಾಕ್ಟರು ಹೇಳಿದ್ದರು. ನಾಡಿ ಇತ್ತು. ಅವನು ಕೇಳುತ್ತಿದ್ದನೋ ಏನೋ ತಿಳಿಯದು. ಮಂಗಮ್ಮ ಅವನ ಕಾಲು ಹಿಡಿದುಕೊಂಡು, "ಉಸ್ರು ಎಳ್ಕೊಳಪ್ಪಾ, ಒಂದ್ಸಲ ನೀನಾಗೇ ಎಳ್ಕೊ, ಇವ್ರು ಸೋತವ್ರೆ" ಎನ್ನುತ್ತಿದ್ದಳು.

ಹನ್ನೆರಡೂವರೆಗೆ ನಾಡಿ ಸಿಗಲಿಲ್ಲ. ನಾನು ಇನ್ನೊಂದು ಕೈಯಲ್ಲಿ ಹುಡುಕಿದೆ. ಕುತ್ತಿಗೆಯಲ್ಲಿ ಹುಡುಕಿದೆ. ಡಾಕ್ಟರು ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಇದ್ದರು. ಆಮೇಲೆ ರಾಮಯ್ಯನ ಭುಜ ಮುಟ್ಟಿ, "ಸಾಕು ಬಿಡಪ್ಪ" ಎಂದರು. ರಾಮಯ್ಯ ಇನ್ನೂ ಮೂರು ಸಲ ಮಾಡಿ ಬಿಟ್ಟ.

ಮಧ್ಯಾಹ್ನದ ಹೊತ್ತಿಗೆ ಅರೆಕೆರೆಯಿಂದ ಎಂಟು ಹತ್ತು ಜನ ಬಂದರು. ಚಿಕ್ಕಬೈರಪ್ಪನ ಅಣ್ಣ, ಮಂಗಮ್ಮನ ಗಂಡ ಬೋರಣ್ಣ ಗೇಟಿನ ಹತ್ತಿರ ನಿಂತವನು ಒಳಗೆ ಬರಲಿಲ್ಲ. ಮುನಿಲಕ್ಷ್ಮಮ್ಮನ ತಾಯಿ ಮಗಳನ್ನು ತಬ್ಬಿಕೊಂಡು, "ನಾನೇಳ್ಲಿಲ್ವಾ, ಮದ್ದು ಪೂರ್ತಿ ತೆಗೆಸ್ಬೇಕಿತ್ತು, ಬೇರು ಒಳಗೇ ಉಳ್ಕೊಂಡಿತ್ತು" ಎಂದು ಮಂಗಮ್ಮನ ಕಡೆ ನೋಡುತ್ತ ಗಟ್ಟಿಯಾಗಿ ಅತ್ತಳು. ಬಂದವರೂ ಒಬ್ಬೊಬ್ಬರಾಗಿ ಅವಳ ಕಡೆಗೆ ನೋಡಿದರು.

ಮಂಗಮ್ಮ ನನ್ನ ಹತ್ತಿರ ಬಂದಳು. "ನೀವೇ ಏಳ್ರಿ ನರ್ಸಮ್ಮ. ಯಾವ ಮದ್ದು ಅಂತ."

ನಾಲ್ಕು ಜನರ ಮುಂದೆ ಮಾತಾಡುವುದೆಂದರೆ ನನಗೆ ನಾಲಗೆ ತೊದಲುತ್ತದೆ. ಆದರೂ ಹೇಳಿದೆ. "ಕೋಸಿಗೆ ಹೊಡೆದ ಮದ್ದು. ಊಟದಲ್ಲಿ ಏನೂ ಇರಲಿಲ್ಲ. ಚಿಕ್ಕಬೈರಪ್ಪ ಬಂದ ಕೂಡಲೇ ನನಗೆ ಹೇಳಿದ. ನಾನು ತಪ್ಪಾಗಿ ತಿಳಿದು ಸುಮ್ಮನಿರು ಅಂದೆ. ಈಕೆ ಹೇಳೋಕೆ ಬಂದಾಗ ಆಚೆ ಕಳಿಸಿದೆ. ಐವತ್ತು ನಿಮಿಷ ತಡವಾಗಿದ್ದು ನನ್ನಿಂದ."

ಮುನಿಲಕ್ಷ್ಮಮ್ಮ ತಾಯಿಯ ತೋಳಿನಿಂದ ಬಿಡಿಸಿಕೊಂಡು ನನ್ನನ್ನು ನೋಡಿದಳು. ಆಮೇಲೆ ಮಂಗಮ್ಮನನ್ನು ನೋಡಿದಳು. "ಅಕ್ಕ, ಅವ್ರ ಪಂಚೆ ಎಲ್ಲಿಕ್ದೆ?" ಎಂದು ಕೇಳಿದಳು. ಮಂಗಮ್ಮ ತಂದುಕೊಟ್ಟಳು. ಇಬ್ಬರೂ ಸೇರಿ ಅವನಿಗೆ ಉಡಿಸಿದರು.

ಅವರೆಲ್ಲ ಹೋದ ಮೇಲೆ ಡಾಕ್ಟರನ್ನು ಕೇಳಿದೆ. "ಸಾರ್, ಆ ಐವತ್ತು ನಿಮಿಷ ಇಲ್ಲದೇ ಇದ್ದಿದ್ರೆ?"

ಅವರು ಕೈ ತೊಳೆಯುತ್ತಿದ್ದರು. "ಗೊತ್ತಿಲ್ಲ, ಜಯಶೀಲಾ. ಮೊದಲನೇ ದಿನ ಸತ್ತಿದ್ರೆ ಹೌದು ಅಂತಿದ್ದೆ. ನೆನ್ನೆ ನಗ್ತಾ ಕೂತಿದ್ದ. ಇವತ್ತು ಕುತ್ತಿಗೆ ಯಾಕೆ ಸೋತಿತು, ಉಸಿರು ಯಾಕೆ ನಿಂತಿತು, ನನಗೆ ಅರ್ಥ ಆಗಿಲ್ಲ. ಅರ್ಥ ಆಗಿದ್ರೆ ನಿಮಗೆ ಸಮಾಧಾನ ಆಗ್ಲಿ ಬಿಡ್ಲಿ, ಹೇಳ್ತಿದ್ದೆ."

ಇದಾಗಿ ಮೂರು ವರ್ಷವಾಯಿತು. ಈಗ ನಾನು ಬೇರೆ ಆಸ್ಪತ್ರೆಯಲ್ಲಿದ್ದೇನೆ. ಅಲ್ಲಿನ ಇಬ್ಬರು ಡಾಕ್ಟರನ್ನು ಕೇಳಿದ್ದೇನೆ. ಒಬ್ಬರು, ವಿಷ ಮೈಯ ಕೊಬ್ಬಿನಲ್ಲಿ ಉಳಿದು ಮತ್ತೆ ಬಂದಿರಬೇಕು ಎಂದರು. ಇನ್ನೊಬ್ಬರು, ಅಟ್ರೊಪಿನ್ ಬೇಗ ನಿಲ್ಲಿಸಿರಬೇಕು ಎಂದರು. ಪಾಪೆ ಸರಿಯಾಗಿತ್ತಲ್ಲ ಎಂದದ್ದಕ್ಕೆ, ಹಾಗಾದರೆ ತಿಳಿಯದು ಎಂದು ಇಬ್ಬರೂ ಒಪ್ಪಿಕೊಂಡರು. ಚಿಕ್ಕಬೈರಪ್ಪ ನನ್ನ ತಪ್ಪಿನಿಂದ ಸತ್ತನೋ, ನಾನು ತಪ್ಪು ಮಾಡದಿದ್ದರೂ ಮೂರನೆಯ ದಿನ ಸಾಯುತ್ತಿದ್ದನೋ, ನನಗೆ ಗೊತ್ತಿಲ್ಲ.